ಬಾನಲ್ಲಿ ಹಾದುಹೋಗುವ ಕಿವಿ

2016ರ ಅಕ್ಟೋಬರ್ 19ರ ರಾತ್ರಿ, ಪುಣೆಯ ಉತ್ತರಕ್ಕಿರುವ ಖೋಡದ್ ಹಳ್ಳಿಯ ಸುತ್ತಲಿನ ಬಯಲಲ್ಲಿ 45 ಮೀಟರ್ ಅಗಲದ ರೇಡಿಯೋ ತಟ್ಟೆಗಳು ಮಂಗಳ ಗ್ರಹದತ್ತ ಮುಖಮಾಡಿ ನಿಂತಿದ್ದವು. ಪಲ್ಸಾರ್‌ಗಳು ಮತ್ತು ದೂರದ ಗ್ಯಾಲಕ್ಸಿಗಳು ಹೊಮ್ಮಿಸುವ ಅಲೆಗಳನ್ನು ಆಲಿಸಲೆಂದು ನಮ್ಮ ವಿಜ್ಞಾನಿಗಳು ಕಟ್ಟಿದ, 30 ತಟ್ಟೆಗಳ ಜಿಎಂಆರ್‌ಟಿ ದೂರದರ್ಶಕ ಅದು. ಅಂದು ಅದು ಕಿವಿಗೊಟ್ಟಿದ್ದು ಸ್ಕಿಯಾಪರೆಲ್ಲಿ ಎಂಬ ಯುರೋಪಿನ ಲ್ಯಾಂಡರ್‌ಗೆ. ಹದಿನೇಳೂವರೆ ಕೋಟಿ ಕಿಲೋಮೀಟರ್ ಆಚೆ, ಕೆಲವೇ ವಾಟ್ ಬಲದ ಅದರ ಟ್ರಾನ್ಸ್‌ಮಿಟರ್ ಮಿಡಿಯುತ್ತಿತ್ತು. ಅಲೆ ಅಲ್ಲಿಂದ ಹೊರಟು ನಮ್ಮನ್ನು ತಲುಪಲು ಹತ್ತು ನಿಮಿಷಕ್ಕೆ ತುಸು ಕಡಿಮೆ ಸಾಕು. ಲ್ಯಾಂಡರ್ ವಾತಾವರಣಕ್ಕೆ ನುಗ್ಗಿ, ಪ್ಯಾರಾಶೂಟ್ ಬಿಚ್ಚಿ ಇಳಿಯುತ್ತಿದ್ದಷ್ಟು ಹೊತ್ತು ಆ ಮಿಡಿತ ಸಿಗುತ್ತಲೇ ಇತ್ತು. ನೆಲ ಮುಟ್ಟಲು ಇನ್ನು ಐವತ್ತು ಸೆಕೆಂಡು ಎನ್ನುವಾಗ ನಿಂತುಹೋಯಿತು.

ಜಿಎಂಆರ್‌ಟಿಗೆ ಕೇಳಿಸಿದ್ದು ದನಿ ಮಾತ್ರ, ಮಾತಲ್ಲ. ಅಷ್ಟು ದೂರದಿಂದ ಬರುವಷ್ಟರಲ್ಲಿ ಅಲೆ ಎಷ್ಟು ಕ್ಷೀಣಿಸಿತ್ತೆಂದರೆ ಅದರ ಮೇಲೆ ಹೇರಿದ್ದ ಅಂಕಿಸಂಖ್ಯೆಗಳನ್ನು ಬಿಡಿಸಿಕೊಳ್ಳುವಂತಿರಲಿಲ್ಲ. ಲ್ಯಾಂಡರ್ ಜೀವಂತವಾಗಿದೆಯೇ, ಯಾವ ವೇಗದಲ್ಲಿ ಚಲಿಸುತ್ತಿದೆ ಎಂಬಷ್ಟನ್ನೇ ಹೇಳಬಹುದಿತ್ತು. ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ಮಂಗಳದ ಬಳಿಯೇ ಇದ್ದ ಇನ್ನೊಂದು ನೌಕೆ. ಸ್ಕಿಯಾಪರೆಲ್ಲಿಯನ್ನು ಅಲ್ಲಿಯವರೆಗೆ ಹೊತ್ತು ತಂದಿದ್ದ ಟ್ರೇಸ್ ಗ್ಯಾಸ್ ಆರ್ಬಿಟರ್, ಅಂದರೆ ಟಿಜಿಒ, ಅದೇ ಹೊತ್ತಿನಲ್ಲಿ ತನ್ನ ಎಂಜಿನ್ ಉರಿಸಿ ವೇಗ ತಗ್ಗಿಸಿಕೊಂಡು ಮಂಗಳದ ಕಕ್ಷೆ ಸೇರುವ ಗಂಡಾಂತರದ ಕೆಲಸದಲ್ಲಿತ್ತು. ಆ ಗಡಿಬಿಡಿಯ ನಡುವೆಯೂ ಅದರ ರೇಡಿಯೋ ಲ್ಯಾಂಡರಿನ ಮಾತನ್ನು ಬರೆದಿಟ್ಟುಕೊಳ್ಳುತ್ತಿತ್ತು. ಮುಂದೆ ಆ ದಾಖಲೆಯನ್ನು ಬಿಡಿಸಿ ನೋಡಿದಾಗ ಕಥೆಯೆಲ್ಲ ಹೊರಬಿತ್ತು. ಪ್ಯಾರಾಶೂಟ್ ತೆರೆದ ಮೇಲೆ ಲ್ಯಾಂಡರ್ ಜೋರಾಗಿ ತೊನೆದಾಡಿದೆ. ಅದರ ಚಲನೆಯನ್ನು ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡಿನ ಕಾಲ ತನ್ನ ಅಳತೆಯ ತುತ್ತತುದಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ಕಂಪ್ಯೂಟರ್ ಆ ತಪ್ಪು ಅಂಕಿಯನ್ನು ನಂಬಿ ಲೆಕ್ಕ ಹಾಕಿ, ತಾನೀಗ ನೆಲಕ್ಕಿಂತ ಕೆಳಗಿದ್ದೇನೆ ಎಂದು ತೀರ್ಮಾನಿಸಿದೆ. ನೆಲ ಬಂದಾಯಿತು ಎಂದಮೇಲೆ ಪ್ಯಾರಾಶೂಟ್ ಏಕೆ? ಅದನ್ನು ಕಳಚಿತು. ಅರ್ಧ ನಿಮಿಷ ಉರಿಯಬೇಕಿದ್ದ ರಾಕೆಟ್ಟುಗಳನ್ನು ಮೂರೇ ಸೆಕೆಂಡಿಗೆ ಆರಿಸಿತು. ಆಗ ಅದು ನೆಲದಿಂದ 3.7 ಕಿಲೋಮೀಟರ್ ಎತ್ತರದಲ್ಲಿತ್ತು.

ಸ್ಕಿಯಾಪರೆಲ್ಲಿ ಪುಡಿಯಾಯಿತು. ಆದರೆ ಏಕೆ ಪುಡಿಯಾಯಿತು ಎಂಬುದನ್ನು ಸಾಯುವ ಮುನ್ನವೇ ಹೇಳಿಹೋಗಿತ್ತು. ಇದನ್ನು 1999ರ ಡಿಸೆಂಬರ್ 3ರಂದು ಮಂಗಳದ ದಕ್ಷಿಣ ಧ್ರುವದ ಕಡೆ ಇಳಿಯಹೊರಟ ಅಮೆರಿಕದ ಮಾರ್ಸ್ ಪೋಲಾರ್ ಲ್ಯಾಂಡರ್ ಜೊತೆ ಇಟ್ಟು ನೋಡಬೇಕು. ಖರ್ಚು ಉಳಿಸಲೆಂದು, ಇಳಿಯುವಾಗ ಅದು ಮಾತಾಡುವ ಏರ್ಪಾಡನ್ನೇ ಬಿಡಲಾಗಿತ್ತು. ಇಳಿದ ಮೇಲೆ ಅದು ಕರೆಯಲಿಲ್ಲ. ಏನಾಯಿತು ಎಂಬ ಬಗ್ಗೆ ತನಿಖಾ ಸಮಿತಿಗೆ ಉಳಿದದ್ದು ಬಲವಾದ ಊಹೆ ಮಾತ್ರ. ಆ ಪಾಠದ ನಂತರ ನಾಸಾ ಇಳಿಯುವ ಹೊತ್ತಿನ ಮೌನವನ್ನು ಒಪ್ಪುತ್ತಿಲ್ಲ. ಲ್ಯಾಂಡರಿನ ಚಕ್ರ, ಕ್ಯಾಮರಾ, ಡ್ರಿಲ್ಲುಗಳ ಬಗ್ಗೆ ನಾವು ಬಹಳ ಬರೆಯುತ್ತೇವೆ, ಓದುತ್ತೇವೆ. ಅದು ಆಡುವ ಮಾತನ್ನು ಯಾರು ಕೇಳುತ್ತಾರೆ ಎಂಬ ಪ್ರಶ್ನೆ ಅವೆಲ್ಲಕ್ಕಿಂತ ಮೊದಲಿನದು.

ಭೂಮಿಗೇ ನೇರವಾಗಿ ಮಾತಾಡಿದರಾಗದೇ? ಆಗುತ್ತದೆ, ಆದರೆ ಬಹಳ ನಿಧಾನ. ಕ್ಯೂರಿಯಾಸಿಟಿ ರೋವರಿನ ಪ್ಲುಟೋನಿಯಂ ವಿದ್ಯುತ್ ಘಟಕ ಹೊಸದರಲ್ಲಿ ಕೊಡುತ್ತಿದ್ದದ್ದು ಸುಮಾರು 110 ವಾಟ್. ಓಡಾಟ, ಬಂಡೆ ಕೊರೆತ, ಪ್ರಯೋಗಾಲಯದ ಕೆಲಸ, ರಾತ್ರಿಯ ಕೊರೆವ ಚಳಿಯಲ್ಲಿ ಮೈ ಬೆಚ್ಚಗಿಡುವುದು, ಎಲ್ಲವೂ ಅಷ್ಟರಲ್ಲೇ ಆಗಬೇಕು. ರೇಡಿಯೋ ಅಲೆ ಹರಡುತ್ತ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ಬಲ ಕಳೆದುಕೊಳ್ಳುತ್ತದೆ: ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ತಲೆಯ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಆರ್ಬಿಟರನ್ನೂ 20 ಕೋಟಿ ಕಿಲೋಮೀಟರ್ ಆಚೆಯ ಭೂಮಿಯನ್ನೂ ಹೋಲಿಸಿ. ದೂರದಲ್ಲಿ ಐದು ಲಕ್ಷ ಪಟ್ಟು ವ್ಯತ್ಯಾಸ; ಅಲೆಯ ಬಲದಲ್ಲಿ 25 ಸಾವಿರ ಕೋಟಿ ಪಟ್ಟು. ಭೂಮಿಯಲ್ಲಿ 34 ಮೀಟರ್, 70 ಮೀಟರ್ ಅಗಲದ ತಟ್ಟೆಗಳನ್ನಿಟ್ಟು ಈ ನಷ್ಟದಲ್ಲಿ ಒಂದಿಷ್ಟನ್ನು ತುಂಬಿಕೊಳ್ಳಬಹುದು, ಎಲ್ಲವನ್ನೂ ಅಲ್ಲ. ಕ್ಯೂರಿಯಾಸಿಟಿ ಭೂಮಿಗೆ ನೇರವಾಗಿ ಕಳಿಸಬಲ್ಲದ್ದು ಸೆಕೆಂಡಿಗೆ 500ರಿಂದ 32,000 ಬಿಟ್. ಅದೇ ರೋವರ್ ತಲೆಯ ಮೇಲಿನ ಮಾರ್ಸ್ ರೆಕಾನಸೆನ್ಸ್ ಆರ್ಬಿಟರ್, ಅಂದರೆ ಎಂಆರ್‌ಒಗೆ, ಸೆಕೆಂಡಿಗೆ 20 ಲಕ್ಷ ಬಿಟ್‌ವರೆಗೂ ಸುರಿಯಬಲ್ಲದು. ಆರ್ಬಿಟರ್ ಹಾದುಹೋಗುವ ಎಂಟು ನಿಮಿಷಗಳಲ್ಲಿ 100ರಿಂದ 250 ಮೆಗಾಬಿಟ್ ಮೇಲೇರುತ್ತದೆ. ಆ 250 ಮೆಗಾಬಿಟ್ಟನ್ನು ನೇರವಾಗಿ ಭೂಮಿಗೆ ಕಳಿಸಹೊರಟರೆ ಇಪ್ಪತ್ತು ಗಂಟೆಯವರೆಗೂ ಹಿಡಿದೀತು. ಅಷ್ಟು ಹೊತ್ತು ರೇಡಿಯೋ ಚಾಲೂ ಇಡಲು ರೋವರಿನ ಬಳಿ ವಿದ್ಯುತ್ತೇ ಇಲ್ಲ.

ಆ ಎಂಟು ನಿಮಿಷಗಳನ್ನು ಎಂಜಿನಿಯರುಗಳು ‘ಪಾಸ್’ ಎನ್ನುತ್ತಾರೆ. ದಿನಕ್ಕೆರಡೇ ಬಸ್ಸು ಬರುವ ಹಳ್ಳಿಯಲ್ಲಿ ಸಂತೆಗೆ ಹೊರಟವರು ಮೂಟೆ ಕಟ್ಟಿಕೊಂಡು ಮೊದಲೇ ನಿಲ್ದಾಣದಲ್ಲಿ ಕಾದಿರುವಂತೆ, ರೋವರ್ ಕೂಡ ಚಿತ್ರಗಳನ್ನು ಕುಗ್ಗಿಸಿ, ಯಾವುದು ಮೊದಲು ಹೋಗಬೇಕು, ಯಾವುದು ನಾಳೆಗಾದರೂ ಸರಿ ಎಂದು ಸಾಲಾಗಿ ಜೋಡಿಸಿಕೊಂಡು ಕಾಯುತ್ತದೆ. ಎಂಆರ್‌ಒ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ಒಂದು ಸುತ್ತನ್ನು ಎರಡು ಗಂಟೆಯೊಳಗೆ ಮುಗಿಸುತ್ತದೆ. ಕೆಳಗೆ ಯಾವ ಜಾಗವಿದ್ದರೂ ಅಲ್ಲಿ ಆಗ ಮಧ್ಯಾಹ್ನ ಮೂರು ಇಲ್ಲವೇ ನಸುಕಿನ ಮೂರರ ಹೊತ್ತಾಗಿರುವಂತೆ ಅದರ ಕಕ್ಷೆಯನ್ನು ಹೊಂದಿಸಲಾಗಿದೆ. ಹೀಗಾಗಿ ಮಧ್ಯಾಹ್ನದ ಪಾಸ್ ರೋವರ್ ತಂಡದ ದಿನಚರಿಯ ಆಧಾರಸ್ತಂಭ. ಅದರಲ್ಲಿ ಬಂದ ಚಿತ್ರಗಳನ್ನು ನೋಡಿಯೇ ನಾಳೆ ರೋವರ್ ಎತ್ತ ಹೋಗಬೇಕು, ಯಾವ ಕಲ್ಲನ್ನು ಮುಟ್ಟಬೇಕು ಎಂಬುದು ನಿರ್ಧಾರವಾಗುತ್ತದೆ. ಪಾಸ್ ತಪ್ಪಿದರೆ ಮರುದಿನ ರೋವರ್ ಕಣ್ಣು ಕಟ್ಟಿಕೊಂಡು ಓಡುವಂತಿಲ್ಲ, ನಿಂತಲ್ಲೇ ಮಾಡಬಹುದಾದ ಕೆಲಸಕ್ಕೆ ತೃಪ್ತಿಪಡಬೇಕು.

ಆ ಕೆಲವು ನಿಮಿಷಗಳಲ್ಲಿ ನಡೆಯುವ ಸಂಭಾಷಣೆಗೂ ಒಂದು ಶಿಸ್ತಿದೆ. ಮೊದಲು ಕರೆಯುವುದು ಮೇಲಿನವರು. ಆರ್ಬಿಟರ್ ದಿಗಂತದಿಂದ ಮೇಲೇರುತ್ತಿದ್ದಂತೆ ಸುಮಾರು 437 ಮೆಗಾಹರ್ಟ್ಸ್‌ನಲ್ಲಿ ರೋವರಿನ ಹೆಸರು ಹಿಡಿದು ಕರೆಯುತ್ತದೆ. ರೋವರ್ ಸುಮಾರು 401 ಮೆಗಾಹರ್ಟ್ಸ್‌ನಲ್ಲಿ ಓಗೊಡುತ್ತದೆ. ಯಾವ ವೇಗದಲ್ಲಿ ಮಾತಾಡುವುದೆಂದು ಇಬ್ಬರೂ ಒಪ್ಪಿಕೊಂಡ ಮೇಲೆ ಮಾಹಿತಿಯ ತುಂಡುಗಳು ಹರಿಯತೊಡಗುತ್ತವೆ. ಪ್ರತಿ ತುಂಡಿಗೂ ಒಂದು ಸಂಖ್ಯೆ. ನಡುವೆ ಒಂದು ಕೆಟ್ಟರೆ ಆರ್ಬಿಟರ್ ಅದನ್ನು ಮತ್ತೆ ಕೇಳಿ ಪಡೆಯುತ್ತದೆ. ಇಷ್ಟಕ್ಕೂ ಜಗತ್ತಿನ ಬಾಹ್ಯಾಕಾಶ ಸಂಸ್ಥೆಗಳೆಲ್ಲ ಸೇರಿ ಒಪ್ಪಿಕೊಂಡ ‘ಪ್ರಾಕ್ಸಿಮಿಟಿ-1’ ಎಂಬ ನಿಯಮಾವಳಿ ಇದೆ. ಅದರಿಂದಾಗಿಯೇ ಅಮೆರಿಕದ ರೋವರ್ ಯುರೋಪಿನ ಆರ್ಬಿಟರ್ ಜೊತೆ ಸರಾಗವಾಗಿ ಮಾತಾಡುತ್ತದೆ. ಟಿಜಿಒದ ಒಡಲಲ್ಲಿರುವ, ಮಾತು ದಾಟಿಸುವ ರಿಲೇ ರೇಡಿಯೋಗಳು ನಾಸಾ ಕೊಟ್ಟವು.

ಆ ರೇಡಿಯೋದ ಹೆಸರು ಎಲೆಕ್ಟ್ರಾ. 2005ರಲ್ಲಿ ಹಾರಿ 2006ರ ಮಾರ್ಚಿನಲ್ಲಿ ಮಂಗಳ ಸೇರಿದ ಎಂಆರ್‌ಒ ಮೇಲೆ ಅದು ಮೊದಲು ಹೋಯಿತು. ಹಳೆಯ ರೇಡಿಯೋಗಳಲ್ಲಿ ಹೇಗೆ ಆಲಿಸಬೇಕು, ಹೇಗೆ ಬಿಡಿಸಬೇಕು ಎಂಬುದನ್ನು ಸರ್ಕ್ಯೂಟುಗಳಲ್ಲೇ ಬೆಸೆದಿರುತ್ತಿದ್ದರು. ಎಲೆಕ್ಟ್ರಾದಲ್ಲಿ ಆ ಕೆಲಸದ ಬಹುಪಾಲನ್ನು ತಂತ್ರಾಂಶ ಮಾಡುತ್ತದೆ. ಭೂಮಿಯಿಂದ ಹೊಸ ತಂತ್ರಾಂಶ ಕಳಿಸಿ ಅದರ ನಡವಳಿಕೆಯನ್ನು ಬದಲಿಸಬಹುದು. ಆರ್ಬಿಟರ್ ದಿಗಂತದಲ್ಲಿದ್ದಾಗ ದೂರ ಹೆಚ್ಚು, ಅಲೆ ಕ್ಷೀಣ. ನೆತ್ತಿಯ ಮೇಲೆ ಬಂದಾಗ ಹತ್ತಿರ, ಅಲೆ ಬಲವಾಗಿರುತ್ತದೆ. ಮೊದಲೆಲ್ಲ ಇಡೀ ಪಾಸ್‌ಗೆ ಒಂದೇ ವೇಗವನ್ನು ನಿಗದಿಮಾಡಬೇಕಿತ್ತು. ಎಲೆಕ್ಟ್ರಾ ಕ್ಷಣಕ್ಷಣವೂ ದನಿಯ ಬಲವನ್ನು ಅಳೆದು, ‘ಈಗ ಬೇಗ ಹೇಳು’, ‘ಈಗ ನಿಧಾನ’ ಎಂದು ರೋವರಿಗೆ ಸೂಚಿಸುತ್ತದೆ. ಕ್ಯೂರಿಯಾಸಿಟಿಯಿಂದ ಬಂದ ಚಿತ್ರರಾಶಿಯ ಹಿಂದೆ ಈ ಹೊಂದಾಣಿಕೆಯ ಜಾಣ್ಮೆ ದೊಡ್ಡದು.

ಕೇಳಿಸಿಕೊಂಡದ್ದನ್ನು ಆರ್ಬಿಟರ್ ತನ್ನ ನೆನಪಿನಲ್ಲಿ ಇಟ್ಟುಕೊಂಡು, ಆಮೇಲೆ ತನ್ನ 3 ಮೀಟರ್ ಅಗಲದ ತಟ್ಟೆಯನ್ನು ಭೂಮಿಗೆ ಗುರಿಯಿಟ್ಟು ಕಳಿಸುತ್ತದೆ. ರೋವರಿಗಿಲ್ಲದ ಎಲ್ಲವೂ ಅದಕ್ಕಿದೆ: ದೊಡ್ಡ ಸೌರಫಲಕ, 100 ವಾಟ್‌ನ ಟ್ರಾನ್ಸ್‌ಮಿಟರ್, ಗಂಟೆಗಟ್ಟಲೆ ಬಿಡುವು. ಇಳಿಯುವ ಗಳಿಗೆಯಲ್ಲಿ ಮಾತ್ರ ಕಾಯಲು ಸಮಯವಿಲ್ಲ. 2012ರ ಆಗಸ್ಟಿನಲ್ಲಿ ಕ್ಯೂರಿಯಾಸಿಟಿ ಇಳಿಯುವಾಗ ಆ ತಾಣದಿಂದ ನೋಡಿದರೆ ಭೂಮಿ ದಿಗಂತದ ಕೆಳಗೆ ಮುಳುಗುತ್ತಿತ್ತು. ನೇರ ಮಾತಿಗೆ ದಾರಿಯಿಲ್ಲ. ಇಳಿಯುವ ಕ್ಷಣಕ್ಕೆ ಸರಿಯಾಗಿ, ಮಂಗಳವನ್ನು ಸುತ್ತುತ್ತಿದ್ದ ಒಡಿಸ್ಸಿ ನೌಕೆ ಮೇಲಿರಬೇಕೆಂದು ಕೆಲವು ದಿನ ಮೊದಲೇ ಅದರ ಕಕ್ಷೆಯನ್ನು ಸ್ವಲ್ಪ ತಿದ್ದಲಾಯಿತು. ಕೇಳಿದ್ದನ್ನು ಉಳಿಸಿಕೊಳ್ಳದೆ ಕೂಡಲೇ ದಾಟಿಸಿದ್ದು ಒಡಿಸ್ಸಿ. ಎಂಆರ್‌ಒ ಅಂದು ದಾಖಲಿಸಿಕೊಳ್ಳುವ ಕೆಲಸವನ್ನಷ್ಟೇ ಮಾಡಿತು. 2021ರ ಫೆಬ್ರವರಿ 18ರಂದು ಪರ್ಸಿವಿಯರೆನ್ಸ್ ರೋವರ್ ಇಳಿದಾಗ ದಾಟಿಸುವ ಹೊಣೆ ಎಂಆರ್‌ಒದ ಹೆಗಲೇರಿತ್ತು. ಅದಾಗಿ ಎರಡು ತಿಂಗಳಿಗೆ ಇಂಜೆನ್ಯುಟಿ ಎಂಬ ಪುಟ್ಟ ಹೆಲಿಕಾಪ್ಟರ್ ಮಂಗಳದಲ್ಲಿ ಮೊದಲ ಬಾರಿ ಹಾರಿತಲ್ಲ, ಆ ಸುದ್ದಿ ಮೂರು ಕೈ ದಾಟಿ ಬಂದದ್ದು: ಹೆಲಿಕಾಪ್ಟರಿನಿಂದ ರೋವರಿಗೆ, ರೋವರಿನಿಂದ ಆರ್ಬಿಟರಿಗೆ, ಆರ್ಬಿಟರಿನಿಂದ ಭೂಮಿಗೆ.

ಈ ಉಪಾಯ ಹೊಸದೇನಲ್ಲ. 1971ರಲ್ಲೇ ಸೋವಿಯತ್ ಒಕ್ಕೂಟದ ಮಾರ್ಸ್-3 ಲ್ಯಾಂಡರ್ ತನ್ನ ಆರ್ಬಿಟರ್ ಮೂಲಕ ಮಾತಾಡಲು ತೊಡಗಿ ಕೆಲವೇ ಸೆಕೆಂಡುಗಳಲ್ಲಿ ಮೌನವಾಯಿತು. 1975ರ ಅಕ್ಟೋಬರ್ 22ರಂದು ವೆನೆರಾ-9 ಶುಕ್ರನ ಕುಲುಮೆಯಂಥ ನೆಲದ ಮೇಲೆ ಕೂತು 53 ನಿಮಿಷ ಮಾತಾಡಿತು. ಬೇರೊಂದು ಗ್ರಹದ ನೆಲದಿಂದ ಮನುಷ್ಯರಿಗೆ ದಕ್ಕಿದ ಮೊದಲ ಚಿತ್ರ ಆ ಅವಧಿಯದು. ಆ ಮಾತು ಮುಗಿದದ್ದು ಲ್ಯಾಂಡರ್ ಬೆಂದುಹೋದದ್ದರಿಂದಲ್ಲ, ಕೇಳುತ್ತಿದ್ದ ಆರ್ಬಿಟರ್ ಕೇಳಿಸದಷ್ಟು ದೂರ ಸರಿದದ್ದರಿಂದ. ಮರುವರ್ಷ ಮಂಗಳದಲ್ಲಿ ಇಳಿದ ವೈಕಿಂಗ್ ಲ್ಯಾಂಡರುಗಳಿಗೆ ಎರಡೂ ದಾರಿಯಿತ್ತು. ಆರ್ಬಿಟರ್ ಮೂಲಕವಾದರೆ ಸೆಕೆಂಡಿಗೆ 16,000 ಬಿಟ್, ನೇರವಾಗಿ ಭೂಮಿಗಾದರೆ ಹೆಚ್ಚೆಂದರೆ ಒಂದು ಸಾವಿರ. 1980ರಲ್ಲಿ ವೈಕಿಂಗ್-1 ಆರ್ಬಿಟರಿನ ಅನಿಲ ಮುಗಿದು ಅದನ್ನು ಆರಿಸಿದ ಮೇಲೆ ಕೆಳಗಿನ ಲ್ಯಾಂಡರ್ ತನ್ನ ಪುಟ್ಟ ತಟ್ಟೆಯನ್ನೇ ಭೂಮಿಯತ್ತ ತಿರುಗಿಸಿಕೊಂಡು ಬದುಕಿತ್ತು. 1982ರ ನವೆಂಬರಿನಲ್ಲಿ ಬ್ಯಾಟರಿಯನ್ನು ಸರಿಪಡಿಸಲೆಂದು ಕಳಿಸಿದ ಒಂದು ತಪ್ಪು ಆದೇಶ, ಭೂಮಿ ಎತ್ತಲಿದೆ ಎಂದು ತಟ್ಟೆಗೆ ತಿಳಿಸುವ ಅಂಕಿಗಳನ್ನೇ ಅಳಿಸಿಹಾಕಿತು. ಮೇಲೆ ಇನ್ನೊಂದು ಕಿವಿ ಇದ್ದಿದ್ದರೆ ಎಂದು ಮನಸ್ಸು ಮರುಗುತ್ತದೆ.

ಕೇಳುವ ಕೆಲಸದಲ್ಲಿ ಎಂಥ ಸಣ್ಣ ತಪ್ಪು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಹೈಗೆನ್ಸ್‌ನಷ್ಟು ತುಂಬಿದ ಕಥೆ ಇನ್ನೊಂದಿಲ್ಲ.

ಶನಿಗ್ರಹದ ದೊಡ್ಡ ಚಂದ್ರ ಟೈಟನ್‌ಗೆ ಇಳಿಯಲೆಂದು ಯುರೋಪ್ ಕಟ್ಟಿದ ಹೈಗೆನ್ಸ್, ನಾಸಾದ ಕಸ್ಸೀನಿ ನೌಕೆಗೆ ಅಂಟಿಕೊಂಡು 1997ರ ಅಕ್ಟೋಬರ್ 15ರಂದು ಹೊರಟಿತು. ಏಳು ವರ್ಷದ ದಾರಿ. ಅಲ್ಲಿ ತಲುಪಿದ ಮೇಲೆ ಹೈಗೆನ್ಸ್ ಬೇರ್ಪಟ್ಟು ಟೈಟನ್ನಿನ ದಟ್ಟ ಮಂಜಿನೊಳಕ್ಕೆ ಇಳಿಯಬೇಕು. ಅದು ಹೇಳಿದ್ದನ್ನು ಕಸ್ಸೀನಿ ಕೇಳಿಸಿಕೊಂಡು, ಆಮೇಲೆ ತನ್ನ ದೊಡ್ಡ ತಟ್ಟೆಯನ್ನು ಭೂಮಿಗೆ ತಿರುಗಿಸಿ ಒಪ್ಪಿಸಬೇಕು. ಅವಕಾಶ ಒಮ್ಮೆ ಮಾತ್ರ, ಅದೂ ಕೆಲವೇ ಗಂಟೆ. ಹೈಗೆನ್ಸ್ ಬ್ಯಾಟರಿಯ ಮೇಲೆ ಬದುಕುವ ಜೀವ.

ನೌಕೆ ದಾರಿಯಲ್ಲಿದ್ದಾಗ ಈ ರೇಡಿಯೋ ಕೊಂಡಿಯನ್ನು ಒಮ್ಮೆ ಪರೀಕ್ಷಿಸಬೇಕೆಂಬ ಮಾತು ಬಂತು. ಅಲೆ ತಲುಪುತ್ತದೆಯೇ ಎಂದು ನೋಡಿದರೆ ಸಾಕು ಎಂಬುದು ಹಲವರ ಅಭಿಪ್ರಾಯ. ಬೋರಿಸ್ ಸ್ಮೇಡ್ಸ್ ಎಂಬ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಸ್ವೀಡನ್ನಿನ ಎಂಜಿನಿಯರ್ ಒಪ್ಪಲಿಲ್ಲ. ಇಳಿಯುವ ದಿನ ಹೈಗೆನ್ಸ್ ಹೇಗೆ ಮಾತಾಡುತ್ತದೋ ಹಾಗೆಯೇ, ಮಾಹಿತಿಯನ್ನು ಹೇರಿದ ಅಲೆಯನ್ನೇ, ಅಂದಿನ ವೇಗದಿಂದ ಆಗುವ ಬದಲಾವಣೆಗಳ ಸಮೇತ ಭೂಮಿಯಿಂದ ಕಳಿಸಿ ನೋಡಬೇಕು ಎಂದು ಪಟ್ಟು ಹಿಡಿದರು. ಮೊದಲು ತಿರಸ್ಕರಿಸಿದ್ದ ಆ ಪರೀಕ್ಷೆ ಕೊನೆಗೆ 2000ದ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಗೋಲ್ಡ್‌ಸ್ಟೋನ್ ಆಂಟೆನಾದಿಂದ ನಡೆಯಿತು. ಸ್ಮೇಡ್ಸ್ ಕಳಿಸಿದ ಮಾತನ್ನು ಕಸ್ಸೀನಿ ಕೇಳಿಸಿಕೊಂಡು ಹಿಂದಿರುಗಿಸಿತು. ಬಂದದ್ದು ಹರಿದು ಚಿಂದಿಯಾದ ಮಾಹಿತಿ.

ತಪ್ಪು ಎಲ್ಲಿತ್ತು? ಕಸ್ಸೀನಿ ಟೈಟನ್ನಿನತ್ತ ಧಾವಿಸುವಾಗ ಎರಡರ ನಡುವಿನ ವೇಗ ಸೆಕೆಂಡಿಗೆ ಸುಮಾರು ಐದೂವರೆ ಕಿಲೋಮೀಟರ್ ಇರಬೇಕಿತ್ತು. ಹಾಗೆ ಹತ್ತಿರವಾಗುತ್ತಿರುವ ಮೂಲದಿಂದ ಬರುವ ಅಲೆಗಳು ಒತ್ತೊತ್ತಾಗಿ ಬರುತ್ತವೆ. ಇದೇ ಡಾಪ್ಲರ್ ಪರಿಣಾಮ. ಅಲೆಯ ಕಂಪನಾಂಕ ಇದರಿಂದ ಬದಲಾಗುತ್ತದೆಂದು ವಿನ್ಯಾಸಕಾರರಿಗೆ ಗೊತ್ತಿತ್ತು. ರಿಸೀವರ್ ಆ ಬದಲಾವಣೆಯನ್ನು ಹಿಂಬಾಲಿಸುತ್ತಲೂ ಇತ್ತು. ಮರೆತದ್ದು ಇನ್ನೊಂದನ್ನು: ಅಲೆ ಒತ್ತೊತ್ತಾದರೆ ಅದರ ಮೇಲೆ ಕೂತ ಬಿಟ್‌ಗಳೂ ಒತ್ತೊತ್ತಾಗಿ ಬರುತ್ತವೆ. ಹೈಗೆನ್ಸ್ ಒಂದು ವಾಹಿನಿಯಲ್ಲಿ ಸೆಕೆಂಡಿಗೆ 8,192 ಬಿಟ್ ಕಳಿಸುತ್ತಿತ್ತು. ಈ ವೇಗದಲ್ಲಿ ಆಗುವ ವ್ಯತ್ಯಾಸ ಸೆಕೆಂಡಿಗೆ ಒಂದು ಬಿಟ್‌ನ ಏಳನೇ ಒಂದು ಭಾಗದಷ್ಟು. ಲೆಕ್ಕ ಹಾಕಿ ನೋಡಿದರೆ ನಗಣ್ಯ ಅನ್ನಿಸುತ್ತದೆ. ಆದರೆ ಎಲ್ಲಿ ಒಂದು ಬಿಟ್ ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ತಾಳ ಹಿಡಿಯುವ ಭಾಗಕ್ಕೆ ಅಷ್ಟನ್ನೂ ಸಹಿಸುವ ಸಡಿಲ ಇರಲಿಲ್ಲ. ತಾಳ ಜಾರುತ್ತಿತ್ತು, ಮಾತು ಒಡೆಯುತ್ತಿತ್ತು. ಆ ಭಾಗದ ನಡವಳಿಕೆಯನ್ನು ನಿರ್ಧರಿಸುವ ಸೂಚನೆಗಳನ್ನು ಹಾರಿದ ಮೇಲೆ ಬದಲಿಸುವಂತಿರಲಿಲ್ಲ. ನೆಲದ ಮೇಲಿದ್ದಾಗ ಒಂದೆರಡು ಅಂಕಿ ತಿದ್ದಿದ್ದರೆ ಮುಗಿಯುತ್ತಿದ್ದ ಕೆಲಸವದು. ಎಲೆಕ್ಟ್ರಾವನ್ನು ದೂರದಿಂದಲೇ ತಿದ್ದಬಹುದು ಎಂದು ಮೇಲೆ ಬರೆದಾಗ ನನ್ನ ಮನಸ್ಸಿನಲ್ಲಿದ್ದದ್ದು ಹೈಗೆನ್ಸ್‌ನ ಈ ಸಂಕಟವೇ.

ರೇಡಿಯೋವನ್ನು ತಿದ್ದಲಾಗದಿದ್ದರೆ ದಾರಿಯನ್ನೇ ತಿದ್ದೋಣ ಎಂದು ಎರಡೂ ಸಂಸ್ಥೆಗಳ ತಂಡಗಳು ನಿರ್ಧರಿಸಿದವು. ಕಸ್ಸೀನಿ ಟೈಟನ್ನಿಗೆ 1,200 ಕಿಲೋಮೀಟರ್ ಹತ್ತಿರದಲ್ಲಿ ಹಾಯುವ ಬದಲು 60,000 ಕಿಲೋಮೀಟರ್ ದೂರದಲ್ಲಿ ಹಾಯುವಂತೆ ಇಡೀ ಯೋಜನೆಯನ್ನು ಮತ್ತೆ ಹೆಣೆದರು. ಆಗ ಅದರ ಓಟ ಹೈಗೆನ್ಸ್‌ನ ಕಡೆಗಲ್ಲದೆ ಬಹುಮಟ್ಟಿಗೆ ಅಡ್ಡಲಾಗಿ ಆಗುತ್ತದೆ; ಅಡ್ಡ ಓಟದಲ್ಲಿ ಡಾಪ್ಲರ್ ಬದಲಾವಣೆ ತೀರ ಕಡಿಮೆ. ರೇಡಿಯೋದೊಳಗಿನ ಒಂದು ಸಣ್ಣ ಬಿಗುವಿಗೆ ಮದ್ದಾಗಿ ಶನಿಯ ಸುತ್ತಲಿನ ಕಕ್ಷೆಗಳನ್ನೇ ಬದಲಿಸಿದ ಈ ಪರಿಹಾರ ಎಂಜಿನಿಯರಿಂಗ್ ಚರಿತ್ರೆಯ ಅತ್ಯಂತ ಸುಂದರ ತಿದ್ದುಪಡಿಗಳಲ್ಲೊಂದು ಎಂದು ನಾನು ನಂಬುತ್ತೇನೆ. ಅದಕ್ಕೆ ಕಾರಣ, ಬೇಡವೆಂದ ಪರೀಕ್ಷೆಯನ್ನು ಬೇಕೇಬೇಕೆಂದು ಹಟ ಹಿಡಿದ ಒಬ್ಬ ಮನುಷ್ಯ.

2005ರ ಜನವರಿ 14ರಂದು ಹೈಗೆನ್ಸ್ ಎರಡೂವರೆ ಗಂಟೆ ಕಾಲ ಮೆಲ್ಲಗೆ ಇಳಿದು ಟೈಟನ್ನಿನ ನೆಲದ ಮೇಲೆ ಕೂತಿತು. ದುಂಡನೆಯ ಹಿಮಗಲ್ಲುಗಳು ಹರಡಿದ, ಕಿತ್ತಳೆ ಮಬ್ಬಿನ ಆ ನೆಲದ ಚಿತ್ರ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ನೆಲ ಮುಟ್ಟಿದ ಮೇಲೂ 72 ನಿಮಿಷ, ಕಸ್ಸೀನಿ ಅದರ ದಿಗಂತದ ಕೆಳಗೆ ಮುಳುಗುವ ತನಕ, ಮಾತು ನಡೆದಿತ್ತು. ಆದರೆ ಬಂದದ್ದು ಎರಡು ವಾಹಿನಿಗಳಲ್ಲಿ ಒಂದು ಮಾತ್ರ. ಕಸ್ಸೀನಿಗೆ ಕಳಿಸಿದ ಆದೇಶಗಳ ಸಾಲಿನಲ್ಲಿ ‘ಎ’ ವಾಹಿನಿಯ ರಿಸೀವರ್ ಚಾಲೂ ಮಾಡುವ ಒಂದು ಆದೇಶವೇ ಬಿಟ್ಟುಹೋಗಿತ್ತು. ಎರಡೂ ವಾಹಿನಿಗಳಲ್ಲಿ ಬಹುಪಾಲು ಮಾಹಿತಿ ಒಂದೇ ಆಗಿದ್ದರಿಂದ ಹೆಚ್ಚಿನದೇನೂ ಕಳೆಯಲಿಲ್ಲ. ಚಿತ್ರಗಳನ್ನು ಮಾತ್ರ, ಸಂಖ್ಯೆ ಇಮ್ಮಡಿಯಾಗಲೆಂದು, ಎರಡಕ್ಕೂ ಹಂಚಲಾಗಿತ್ತು. ಸುಮಾರು 350 ಚಿತ್ರಗಳು ಶೂನ್ಯಕ್ಕೆ ಹಾರಿಹೋದವು. ಟೈಟನ್ನಿನ ಗಾಳಿಯ ವೇಗವನ್ನು ಅಳೆಯುವ ಪ್ರಯೋಗವಂತೂ ಪೂರ್ತಿಯಾಗಿ ‘ಎ’ ವಾಹಿನಿಯನ್ನೇ ನೆಚ್ಚಿತ್ತು. ಅದನ್ನು ಉಳಿಸಿದ್ದು ಭೂಮಿ. ಅಮೆರಿಕದ ಗ್ರೀನ್ ಬ್ಯಾಂಕ್, ಆಸ್ಟ್ರೇಲಿಯಾದ ಪಾರ್ಕ್ಸ್ ಮೊದಲಾದ ರೇಡಿಯೋ ದೂರದರ್ಶಕಗಳು ನೂರಿಪ್ಪತ್ತು ಕೋಟಿ ಕಿಲೋಮೀಟರ್ ಆಚೆಯಿಂದ ಬಂದ ಹೈಗೆನ್ಸ್‌ನ ಬರಿಯ ದನಿಯನ್ನು ಹಿಡಿದಿದ್ದವು. ಮಾತು ಬಿಡಿಸಲಾಗದಿದ್ದರೂ ದನಿಯ ಏರಿಳಿತದಿಂದ ಗಾಳಿಯ ವೇಗವನ್ನು ಲೆಕ್ಕ ಹಾಕಲಾಯಿತು. ಹನ್ನೊಂದು ವರ್ಷದ ಬಳಿಕ ಖೋಡದ್‌ನ ತಟ್ಟೆಗಳು ಸ್ಕಿಯಾಪರೆಲ್ಲಿಗಾಗಿ ಮಾಡಿದ್ದೂ ಇದನ್ನೇ.

ಕಿವಿ ಸಿದ್ಧವಿದ್ದು ಬಾಯಿ ಕಟ್ಟಿಹೋದದ್ದೂ ಉಂಟು. 2003ರ ಕ್ರಿಸ್‌ಮಸ್ ದಿನ ಬ್ರಿಟನ್ನಿನ ಬೀಗಲ್-2 ಮಂಗಳಕ್ಕಿಳಿಯಿತು. ಒಡಿಸ್ಸಿ ಆಲಿಸಿತು, ಯುರೋಪಿನ ಆರ್ಬಿಟರ್ ಮಾರ್ಸ್ ಎಕ್ಸ್‌ಪ್ರೆಸ್ ಆಲಿಸಿತು. ಸದ್ದಿಲ್ಲ. ನೆಲಕ್ಕಪ್ಪಳಿಸಿ ನುಚ್ಚುನೂರಾಗಿರಬೇಕೆಂದು ಎಲ್ಲರೂ ಭಾವಿಸಿದರು. ಎಂಆರ್‌ಒ ತೆಗೆದ ಚಿತ್ರಗಳಲ್ಲಿ ಅದು ಸಿಕ್ಕಿದೆಯೆಂದು 2015ರ ಜನವರಿಯಲ್ಲಿ ಪ್ರಕಟವಾಯಿತು. ನೆಲದ ಮೇಲೆ ಇಡಿಯಾಗಿ ಕೂತಿದೆ, ಕೆಲವು ಸೌರಫಲಕಗಳು ತೆರೆದಿವೆ. ಎಲ್ಲ ಫಲಕಗಳೂ ತೆರೆದರೆ ಮಾತ್ರ ಅಡಿಯಲ್ಲಿದ್ದ ಆಂಟೆನಾ ಬಯಲಾಗುತ್ತಿತ್ತು, ಅಷ್ಟೂ ತೆರೆಯಲಿಲ್ಲ. ಆ ಯೋಜನೆಗಾಗಿ ಜೀವ ತೇಯ್ದ ಕಾಲಿನ್ ಪಿಲಿಂಜರ್ 2014ರ ಮೇನಲ್ಲೇ ತೀರಿಕೊಂಡಿದ್ದರು. ತಮ್ಮ ಲ್ಯಾಂಡರ್ ಕ್ಷೇಮವಾಗಿ ಇಳಿದಿತ್ತೆಂಬ ಸುದ್ದಿ ಅವರಿಗೆ ಮುಟ್ಟಲಿಲ್ಲ.

ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ಮಾತ್ರ ಬಂದಾಗ ಏನಾಗುತ್ತದೆ ಎಂಬುದನ್ನು 2021ರ ನವೆಂಬರಿನಲ್ಲಿ ಚೀನಾ ಮತ್ತು ಯುರೋಪ್ ಸೇರಿ ಪರೀಕ್ಷಿಸಿದವು. ಚೀನಾದ ಜುರಾಂಗ್ ರೋವರಿಗೆ ಮಾರ್ಸ್ ಎಕ್ಸ್‌ಪ್ರೆಸ್ ಕರೆಯುವ ಕಂಪನಾಂಕ ಕೇಳಿಸುವುದಿಲ್ಲ. ಕರೆಯದೆ ಓಗೊಡುವುದು ಹೇಗೆ? ಒಪ್ಪಿಕೊಂಡ ಹೊತ್ತಿಗೆ ಸರಿಯಾಗಿ ಜುರಾಂಗ್, ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಎಂಬ ಖಾತ್ರಿಯಿಲ್ಲದೆಯೇ ಆಕಾಶಕ್ಕೆ ಮಾತಾಡಿತು. ನವೆಂಬರ್ 20ರಂದು ಸುಮಾರು 4,000 ಕಿಲೋಮೀಟರ್ ದೂರದಿಂದ ಮಾರ್ಸ್ ಎಕ್ಸ್‌ಪ್ರೆಸ್ ಅದನ್ನು ಕೇಳಿಸಿಕೊಂಡು ಭೂಮಿಗೆ ಮುಟ್ಟಿಸಿತು. ದೇಶಗಳ ನಡುವೆ ಮಾತು ಕಡಿಮೆಯಾಗುತ್ತಿದ್ದ ಕಾಲದಲ್ಲಿ ನಡೆದ ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ.

ಚಂದ್ರನ ವಿಷಯ ಬೇರೆ. ಚಂದ್ರ ಹತ್ತಿರ, ಈಚೆ ಮುಖದಲ್ಲಿ ಇಳಿದವರು ಭೂಮಿಗೆ ನೇರವಾಗಿಯೇ ಮಾತಾಡಬಹುದು. ಆಚೆ ಮುಖಕ್ಕೆ ಹೋದರೆ ಮಧ್ಯೆ ಇಡೀ ಚಂದ್ರನೇ ಅಡ್ಡ. ಅದಕ್ಕೇ ಚೀನಾ 2018ರ ಮೇನಲ್ಲಿ ಮೊದಲು ಕೇಳುಗನನ್ನು ಕಳಿಸಿತು. ಚ್ಯೂಚಿಯಾವ್ ಎಂಬ ಆ ನೌಕೆ, ಚಂದ್ರನಿಂದ 65,000 ಕಿಲೋಮೀಟರ್ ಆಚೆ, ಭೂಮಿ ಮತ್ತು ಚಂದ್ರನ ಆಚೆ ಮುಖ ಎರಡೂ ಕಾಣುವ ತಾಣದಲ್ಲಿ ಸುತ್ತುತ್ತ ತನ್ನ 4.2 ಮೀಟರ್ ಕೊಡೆಯನ್ನು ಬಿಚ್ಚಿ ಕಾದಿತ್ತು. ಚಾಂಗ್-ಇ-4 ಅಲ್ಲಿಗೆ ಇಳಿದದ್ದು 2019ರ ಜನವರಿ 3ರಂದು. ಕೇಳುವವರು ಮೊದಲು, ಹೇಳುವವರು ಆಮೇಲೆ ಎಂಬ ಈ ಕ್ರಮವೇ ಸರಿಯಾದದ್ದು.

ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬೇರ್ಪಟ್ಟು 25 ನಿಮಿಷದಲ್ಲಿ ಚಂದ್ರನಿಗೆ ಅಪ್ಪಳಿಸಿದ ಪುಟ್ಟ ಪೆಟ್ಟಿಗೆ, ಬೀಳುತ್ತ ಬೀಳುತ್ತ ಅಳೆದದ್ದನ್ನೆಲ್ಲ ಮೇಲಿದ್ದ ಆರ್ಬಿಟರಿಗೆ ಒಪ್ಪಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಕೊನೆಯ ಹಂತದಲ್ಲಿ ಮೌನವಾದಾಗ ದೇಶವೆಲ್ಲ ಮಂಕಾಯಿತು; ಆರ್ಬಿಟರ್ ಮಾತ್ರ ಉಳಿದಿತ್ತು. ಉಡಾವಣೆ ಕರಾರುವಾಕ್ಕಾಗಿದ್ದರಿಂದ ಇಂಧನ ಮಿಕ್ಕಿ, ಒಂದು ವರ್ಷಕ್ಕೆಂದು ಹೋದ ಅದು ಸುಮಾರು ಏಳು ವರ್ಷ ಬದುಕಬಲ್ಲದೆಂದು ಇಸ್ರೋ ಹೇಳಿತು. 2023ರ ಆಗಸ್ಟಿನಲ್ಲಿ ಚಂದ್ರಯಾನ-3 ಚಂದ್ರನ ಬಳಿ ಬಂದಾಗ, ಇಳಿಯಲು ಎರಡು ದಿನವಿರುವಾಗ, ಆ ಹಳೆಯ ಆರ್ಬಿಟರ್ ಹೊಸ ಲ್ಯಾಂಡರಿನ ಜೊತೆ ಎರಡೂ ಕಡೆಯ ಸಂಪರ್ಕ ಸಾಧಿಸಿತು. ಮುಖ್ಯ ದಾರಿ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳಿನಲ್ಲಿರುವ 32 ಮೀಟರ್ ತಟ್ಟೆಯದ್ದೇ. ಆರ್ಬಿಟರ್ ಎರಡನೆಯ ದಾರಿ. ಚಂದ್ರಯಾನ-3ರ ಪ್ರಗ್ಯಾನ್ ರೋವರಿಗೆ ಇವೆರಡೂ ಎಟುಕುತ್ತಿರಲಿಲ್ಲ. ಅದು ಆ ಹೊಸ ಲ್ಯಾಂಡರಿಗೆ ಮಾತ್ರ ಹೇಳಬಲ್ಲದಾಗಿತ್ತು, ಲ್ಯಾಂಡರ್ ಮುಂದಕ್ಕೆ ದಾಟಿಸಬೇಕಿತ್ತು. ಸೋತಿತೆಂದು ಜನ ಮರೆತಿದ್ದ ಯಾನದ ಉಳಿದ ಭಾಗವೇ ಗೆದ್ದ ಯಾನದ ಬೆನ್ನಿಗೆ ನಿಂತದ್ದು ನನಗೆ ಆ ಆಗಸ್ಟಿನ ಅತ್ಯಂತ ಆಪ್ತ ಸಂಗತಿ.

ಮಂಗಳದ ಕಿವಿಗಳಿಗೆ ಈಗ ವಯಸ್ಸಾಗುತ್ತಿದೆ. ಒಡಿಸ್ಸಿ ಅಲ್ಲಿಗೆ ತಲುಪಿದ್ದು 2001ರಲ್ಲಿ, ಮಾರ್ಸ್ ಎಕ್ಸ್‌ಪ್ರೆಸ್ 2003ರಲ್ಲಿ, ಎಂಆರ್‌ಒ 2006ರಲ್ಲಿ, ಮೇವನ್ 2014ರಲ್ಲಿ, ಟಿಜಿಒ 2016ರಲ್ಲಿ. ಇವೆಲ್ಲವೂ ಹೋದದ್ದು ಬೇರೆ ಬೇರೆ ವಿಜ್ಞಾನದ ಕೆಲಸಕ್ಕೆ; ರಿಲೇ ಎಂಬುದು ಜೊತೆಗೆ ಹೊತ್ತ ಹೊರೆ. ಅದಕ್ಕೆಂದೇ ಒಂದು ನೌಕೆ ಬೇಕೆಂದು ನಾಸಾ ಯೋಜಿಸಿದ್ದ ಮಾರ್ಸ್ ಟೆಲಿಕಮ್ಯುನಿಕೇಷನ್ಸ್ ಆರ್ಬಿಟರ್ 2005ರಲ್ಲೇ ರದ್ದಾಯಿತು. ಇಪ್ಪತ್ತು ವರ್ಷ ಕಳೆದು, 2025ರಲ್ಲಿ ಅಮೆರಿಕದ ಸಂಸತ್ತು ಅದೇ ಬಗೆಯ ನೌಕೆಗೆ 70 ಕೋಟಿ ಡಾಲರ್ ಎತ್ತಿಟ್ಟಿತು. ಅದು ಹಾರಲು ಇನ್ನೂ ವರ್ಷಗಳು ಬೇಕು. ರಿಲೇಯನ್ನು ಪಕ್ಕದ ಕೆಲಸವೆಂದು ಬಗೆದದ್ದರ ಬೆಲೆಯನ್ನು ಆ ವರ್ಷಗಳಲ್ಲಿ ತೆರಬೇಕಾಗುತ್ತದೆ.

ತೆರುವುದು ಆಗಲೇ ಶುರುವಾಗಿದೆ. 2025ರ ಡಿಸೆಂಬರ್ 6ರಂದು ಮೇವನ್ ಎಂದಿನಂತೆ ಮಂಗಳದ ಹಿಂದೆ ಸರಿಯಿತು. ಸರಿಯುವ ಮುನ್ನ ಅದರ ಅಂಗಾಂಗಗಳೆಲ್ಲ ಸರಿಯಾಗಿಯೇ ಇದ್ದವು. ಈಚೆ ಬಂದಾಗ ಭೂಮಿಯ ಆಂಟೆನಾಗಳಿಗೆ ಅದರ ದನಿ ಸಿಗಲಿಲ್ಲ. ಎಂಜಿನಿಯರುಗಳು ಅದನ್ನು ಹುಡುಕುತ್ತಿರುವಾಗಲೇ, ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ತಂಡಗಳು ತಮ್ಮ ದಿನದ ಕೆಲಸದ ಪಟ್ಟಿಯನ್ನು ಮತ್ತೆ ಬರೆದು, ಎಂಆರ್‌ಒ, ಒಡಿಸ್ಸಿ ಮತ್ತು ಟಿಜಿಒಗಳಿಂದ ಹೆಚ್ಚುವರಿ ಪಾಸ್‌ಗಳನ್ನು ಹೊಂದಿಸಿಕೊಂಡವು.